ಬೂಟು ಹೇಳಿದ ದೂರ, ಫೋನು ಹೇಳಿದ ದೂರ

ಒಂದೇ ಬೆಳಿಗ್ಗೆ ಒಂದೇ ದಾರಿಯಲ್ಲಿ ಪಕ್ಕಪಕ್ಕದಲ್ಲಿ ಓಡಿದ ಇಬ್ಬರು ಎರಡು ಬೇರೆ ಬೇರೆ ದೂರ ಓಡಿಬರಲು ಸಾಧ್ಯವೇ ಎಂಬ ಪ್ರಶ್ನೆ ಅರವತ್ತು ದಾಟುವವರೆಗೆ ನನ್ನನ್ನು ಕಾಡಿರಲಿಲ್ಲ. ಆಮೇಲೆ ಬಹಳ ಕಾಡಿತು. ನನ್ನ ಜೇಬಿನಲ್ಲಿದ್ದ ಫೋನು ನಾಲ್ಕು ಕಿಲೋಮೀಟರು ಆರುನೂರು ಮೀಟರು ಎನ್ನುತ್ತಿತ್ತು. ನನ್ನ ಗೆಳೆಯನ ಬೂಟು ಐದು ಕಿಲೋಮೀಟರು ಇನ್ನೂರು ಮೀಟರು ಎನ್ನುತ್ತಿತ್ತು. ಈ ಆರುನೂರು ಮೀಟರಿನ ಗಡಿ ತಕರಾರಿನಲ್ಲಿ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ. ನನಗೆ ಇದ್ದವನೇ ಒಬ್ಬ.

ಓಟ ಎಂಬ ಮಾತಿಗೆ ಮೊದಲೇ ಒಂದು ಸ್ಪಷ್ಟೀಕರಣ ಕೊಡಬೇಕು. ನಾವು ಅದನ್ನು ಓಟವೆಂದೇ ಕರೆಯುತ್ತಿದ್ದೆವು. ಡೈರಿಗೆ ಹಾಲು ಹಾಕಲು ಹೊರಟ ಹೆಂಗಸರು ಕೈಯಲ್ಲಿ ಕ್ಯಾನು ಹಿಡಿದುಕೊಂಡೇ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು ಎಂಬುದು ನಿಜ. ಆದರೆ ಅವರು ನಡೆಯುತ್ತಿದ್ದರು, ನಾವು ಓಡುತ್ತಿದ್ದೆವು. ಓಟ ಇರುವುದು ಮೊಣಕೈ ಮಡಿಸುವುದರಲ್ಲಿ. ವೇಗ ಆಮೇಲಿನ ವಿಷಯ.

ಇದೆಲ್ಲ ಶುರುವಾದದ್ದು ಬಂಗಾರಪೇಟೆಯ ಡಾಕ್ಟರಮ್ಮನಿಂದ. ನನ್ನ ರಕ್ತದಲ್ಲಿ ಸಕ್ಕರೆ ಏರಿದೆಯೆಂದು ಚೀಟಿ ನೋಡಿ ಹೇಳಿದವರು, “ದಿನಾ ಐದು ಕಿಲೋಮೀಟರ್ ಓಡಾಡ್ಬೇಕು. ಅಂದಾಜಿನಲ್ಲಲ್ಲ, ಅಳೆದು” ಎಂದರು. ನನ್ನ ಮುಖದಲ್ಲಿ ಏನು ಕಂಡಿತೋ, ಫೋನನ್ನು ಕೈಯಿಂದ ತೆಗೆದುಕೊಂಡು ಅದರೊಳಗೆ ಓಟ ಅಳೆಯುವ ಆ್ಯಪ್ ಒಂದನ್ನು ತಾವೇ ಇಳಿಸಿಕೊಟ್ಟರು. “ಮುಂದಿನ ಸಲ ಬರುವಾಗ ಇದನ್ನ ತೋರಿಸಿ.” ಜೀವಮಾನವಿಡೀ ಬೇರೆಯವರ ಹಾಜರಿ ನೋಡಿದ ನನಗೆ ಕೊನೆಗಾಲದಲ್ಲಿ ಒಂದು ಹಾಜರಿ ಪುಸ್ತಕ ಹೀಗೆ ಗಂಟುಬಿತ್ತು.

ನಾನು ಚಿನ್ನದ ಗಣಿಯ ಟೈಮಾಫೀಸಿನಲ್ಲಿ ಗುಮಾಸ್ತನಾಗಿದ್ದವನು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಆಮೇಲೆ ಬಂಗಾರಪೇಟೆಯ ಅಕ್ಕಿ ಗಿರಣಿಯೊಂದರಲ್ಲಿ ಕೂಲಿಯಾಳುಗಳ ಹಾಜರಿ ನೋಡಿಕೊಂಡು ಕಾಲ ಹಾಕಿದೆ. ಮದುವೆ ಎಂಬ ಇಲಾಖೆಗೆ ನಾನು ಅರ್ಜಿ ಹಾಕಲಿಲ್ಲ, ಅವರೂ ಕರೆಯಲಿಲ್ಲ. ಅದೇ ಗಣಿಯ ಮೈಸೂರು ಮೈನ್ಸ್ ಭಾಗದ ಹಳೆಯ ಕ್ವಾರ್ಟರ್ಸಿನಲ್ಲಿ ಒಂದೂವರೆ ಕೋಣೆ, ಒಂದು ಸ್ಟವ್, ಒಂದು ರೇಡಿಯೊ. ಎರಡು ಬೀದಿ ಆಚೆ ನನ್ನ ಗೆಳೆಯ. ಅವನು ಗಣಿಯ ಸರ್ವೆ ವಿಭಾಗದಲ್ಲಿ ಚೈನು ಹಿಡಿದವನು, ಅಂದರೆ ನೆಲದೊಳಗಿನ ಸುರಂಗಗಳನ್ನು ಅಡಿ ಅಡಿಯಾಗಿ ಅಳೆದವನು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಕಾಲು ಎಡವಿದರೆ ತೆಲುಗು. ನಾವು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವನಿಗೆ ನಾನು ‘ಟೈಮಾಫೀಸು’, ನನಗೆ ಅವನು ‘ಸರ್ವೆ’. ಇಲಾಖೆಗಳು ಸತ್ತು ಇಷ್ಟು ಕಾಲವಾದರೂ ನಾವಿಬ್ಬರು ಅವುಗಳ ಹೆಸರಿನಲ್ಲಿ ತಿರುಗಾಡುತ್ತಿದ್ದೆವು.

ನಾನು ಓಡಲು ಶುರುಮಾಡಿದ ನಾಲ್ಕನೆಯ ದಿನ ಅವನು ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ಕಾಲಲ್ಲಿ ಹೊಸ ಕ್ಯಾನ್ವಾಸು ಬೂಟು.

“ನಿಂಗೂ ಸಕ್ಕರೇನಾ?” ಎಂದೆ.

“ಇಲ್ಲಪ್ಪಾ. ನಂಗೆ ಸಕ್ಕರೇನೂ ಇಲ್ಲ, ಬೆಳಿಗ್ಗೆ ಒತ್ತು ಮನೇಲಿ ಕೆಲ್ಸಾನೂ ಇಲ್ಲ. ನಡಿ, ಎಲ್ಲೀಗಂಟ ಓಡ್ತೀಯೋ ನೋಡೇಬಿಡಾಣ.”

ನಮ್ಮ ದಾರಿ ಹೀಗಿತ್ತು: ಕ್ವಾರ್ಟರ್ಸಿನ ಮೋರಿಯಿಂದ ಹೊರಟು, ಗಣಿಗೆ ಇಳಿಯುವ ಬಾವಿ, ಅಂದರೆ ಮೊದಲನೆಯ ಶಾಫ್ಟಿನ ಕಬ್ಬಿಣದ ಗೋಪುರದ ಪಕ್ಕದಲ್ಲಿ ಹಾದು, ರಸ್ತೆ ಹಿಡಿದು ಎರಡನೆಯ ಶಾಫ್ಟಿನ ಗೇಟು ದಾಟಿ, ಚಿನ್ನ ತೆಗೆದು ಮಿಕ್ಕ ಪುಡಿಮಣ್ಣು ಸುರಿದು ಬೆಳೆದ ಸೈನೈಡ್ ಗುಡ್ಡದ ಬುಡ ಬಳಸಿ ರಾಬರ್ಟ್‌ಸನ್‌ಪೇಟೆ ರಸ್ತೆಯ ಟೀ ಅಂಗಡಿಯ ಮುಂದೆ ಹಾದು ವಾಪಸು ಮೋರಿಗೆ. ಒಬ್ಬ ಮೊದಲೇ ಬಂದರೆ ಇನ್ನೊಬ್ಬನಿಗೆ ಕಾಯುತ್ತಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ ತನ್ನ ಕಲ್ಲನ್ನಿಟ್ಟು ಹೊರಡುವುದು, ಬಂದ ಮೇಲೆ ತೆಗೆದು ಕೆಳಗಿಡುವುದು. ನನ್ನದು ಕಪ್ಪು ಕಲ್ಲು, ಅವನದು ಬಿಳಿಯ ಬೆಣಚುಕಲ್ಲು. ಇದು ನಾವು ಕಂಡುಹಿಡಿದದ್ದಲ್ಲ. ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಟೋಕನನ್ನು ಟೈಮಾಫೀಸಿನ ಬೋರ್ಡಿಗೆ ತೂಗುಹಾಕಿ ಹೋಗುತ್ತಿದ್ದ, ಮೇಲೆ ಬಂದು ತೆಗೆದುಕೊಳ್ಳುತ್ತಿದ್ದ. ಪಾಳಿ ಮುಗಿದ ಮೇಲೆ ಬೋರ್ಡಿನಲ್ಲಿ ಒಂದೇ ಒಂದು ಟೋಕನು ಉಳಿದರೂ ನಾನು ಮನೆಗೆ ಹೋಗುವಂತಿರಲಿಲ್ಲ. ಆ ಮನುಷ್ಯ ಎಲ್ಲಿದ್ದಾನೆಂದು ತಿಳಿಯಬೇಕು. ಬಹಳ ಸಲ ಅವನು ಟೋಕನು ಮರೆತು ಮನೆಗೆ ಹೋಗಿ ಊಟಕ್ಕೆ ಕುಳಿತಿರುತ್ತಿದ್ದ. ಕೆಲವು ಸಲ ಇರುತ್ತಿರಲಿಲ್ಲ.

ಎರಡು ತಿಂಗಳು ನಾವು ಸುಖವಾಗಿದ್ದೆವು. ಫೋನು ಹೇಳಿದ್ದೇ ದೂರ. ಆಮೇಲೆ ಸರ್ವೆ ರಾಬರ್ಟ್‌ಸನ್‌ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಿಂದ ಒಂದು ಪುಟ್ಟ ಡಬ್ಬಿ ತಂದ. ಅದರೊಳಗೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಒಂದು ವಸ್ತು. ಬೂಟಿನ ಲೇಸಿಗೆ ಸಿಕ್ಕಿಸಿದರೆ ಹೆಜ್ಜೆ ಹೆಜ್ಜೆಯನ್ನೂ ಎಣಿಸಿ ಫೋನಿನ ಬೇರೊಂದು ಆ್ಯಪಿಗೆ ದೂರ ಹೇಳುವ ಸೆನ್ಸರ್. ವರ್ಷದಿಂದ ಯಾರೂ ಕೊಳ್ಳದೆ ಗಾಜಿನ ಬೀರುವಿನಲ್ಲಿ ಕುಳಿತಿತ್ತಂತೆ.

“ನಿನ್ ಫೋನು ಆಕಾಶ್ದಿಂದ ನೋಡ್ತೈತೆ. ಇದು ನೆಲ ಮುಟ್ಟಿ ನೋಡ್ತೈತೆ. ಅಳತೆ ಅಂದ್ರೆ ಮುಟ್ಟಬೇಕು ಟೈಮಾಫೀಸು” ಎಂದ.

ಅವನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆ್ಯಪಿನ ನಕಾಶೆಯಲ್ಲಿ ನಾನು ಓಡಿದ ದಾರಿ ನೀಲಿ ಗೆರೆಯಾಗಿ ಮೂಡುತ್ತಿತ್ತು. ಆ ಗೆರೆಯ ಪ್ರಕಾರ ನಾನು ದಿನವೂ ಮುಚ್ಚಿದ ಗಣಿಯ ಕಾಂಪೌಂಡು ಗೋಡೆಯನ್ನು ತೂರಿಕೊಂಡು, ಕಾವಲುಗಾರನ ಕೋಣೆಯ ನಡುವೆ ಹಾಯುತ್ತಿದ್ದೆ. ನೀಲಗಿರಿ ಮರಗಳ ಕೆಳಗೆ ಬಂದರೆ ಕುಡಿದವನ ಹಾಗೆ ಓಲಾಡುತ್ತಿದ್ದೆ. ಟೀ ಅಂಗಡಿಯಲ್ಲಿ ಸುಮ್ಮನೆ ಕುಳಿತು ಟೀ ಕುಡಿದರೂ ನಾನು ನಲವತ್ತು ಮೀಟರು ಓಡಿರುತ್ತಿದ್ದೆ. ಬೂಟಿನ ಸೆನ್ಸರಿಗೆ ಈ ಚಾಳಿಗಳಿರಲಿಲ್ಲ. ಅದರ ಚಾಳಿ ಬೇರೆ. ಸರ್ವೆಗೆ ಕುಳಿತಲ್ಲಿ ಕಾಲು ಅಲ್ಲಾಡಿಸುವ ಅಭ್ಯಾಸ. ಅವನು ಬೆಂಚಿನ ಮೇಲೆ ಕುಳಿತೇ ರಾಬರ್ಟ್‌ಸನ್‌ಪೇಟೆ ಮುಟ್ಟುತ್ತಿದ್ದ.

ಆದರೆ ಸೆನ್ಸರಿಗೆ ಒಂದು ಶಾಸ್ತ್ರವಿತ್ತು. ಹಾಕಿಕೊಂಡವನು ಮೊದಲು ತನಗೆ ಖಚಿತವಾಗಿ ಗೊತ್ತಿರುವ ದೂರವೊಂದನ್ನು ಓಡಿ, ಅದು ಇಷ್ಟು ಎಂದು ಹೇಳಿಕೊಡಬೇಕು. ಅದರ ಮೇಲೆ ಅದು ಅವನ ಹೆಜ್ಜೆಯ ಉದ್ದವನ್ನು ಕಲಿತು, ಮುಂದಿನದನ್ನೆಲ್ಲ ಲೆಕ್ಕ ಹಾಕುತ್ತದೆ. ಬೇರೆ ಊರಿನವರಾದರೆ ಶಾಲೆಯ ಮೈದಾನವನ್ನೋ ಮೈಲಿಗಲ್ಲನ್ನೋ ಹುಡುಕುತ್ತಿದ್ದರು. ಸರ್ವೆ ಹುಡುಕಲಿಲ್ಲ.

“ಈ ಶಾಫ್ಟಿಂದ ಆ ಶಾಫ್ಟಿಗೆ ಎರಡು ಸಾವಿರದ ಆರ್ನೂರು ಅಡಿ. ನಾನೇ ಎರಡು ಸಲ ಚೈನು ಇಡ್ದು ಅಳ್ದಿದೀನಿ. ನಿದ್ದೇಲಿ ಕೇಳಿದ್ರೂ ಏಳ್ತೀನಿ.”

ಮೊದಲನೆಯ ಶಾಫ್ಟಿನಿಂದ ಎರಡನೆಯ ಶಾಫ್ಟಿನ ಗೇಟಿನವರೆಗೆ ರಸ್ತೆಯ ಮೇಲೆ ಅವನು ಗಂಭೀರವಾಗಿ ಓಡಿದ. ನಾನು ಸಾಕ್ಷಿಯಾಗಿ ಹಿಂದೆ ಓಡಿದೆ. ಎರಡು ಸಾವಿರದ ಆರುನೂರು ಅಡಿ ಎಂದರೆ ಏಳುನೂರ ತೊಂಬತ್ತೆರಡು ಮೀಟರು. ಅದನ್ನೇ ಅವನು ತನ್ನ ಫೋನಿನಲ್ಲಿ ತುಂಬಿಸಿದ. ನನ್ನ ಫೋನು ಏಳುನೂರು ತೋರಿಸುತ್ತಿತ್ತು.

“ನೋಡಯ್ಯಾ, ಇದು ಏಳ್ನೂರು ಅಂತಿದೆ” ಎಂದೆ.

“ಅದ್ರಪ್ಪ ಬಂದು ಮಂಡಿ ಊರಿ ಅಳ್ದಿದ್ನಾ?” ಎಂದು ನಕ್ಕ.

ಆ ದಿನ ನಾನೂ ನಕ್ಕೆ. ಆದರೆ ದಿನಾ ಬೆಳಿಗ್ಗೆ ಮೋರಿಗೆ ಬಂದು ನಿಂತಾಗ ಅವನ ಐದು ಕಿಲೋಮೀಟರು ಮುಗಿದು ಇನ್ನೂರು ಮಿಕ್ಕಿರುತ್ತಿತ್ತು, ನನ್ನದು ನಾನೂರು ಮೀಟರು ಬಾಕಿ ಇರುತ್ತಿತ್ತು. ಡಾಕ್ಟರಮ್ಮನ ಆಜ್ಞೆ ಅವನಿಗಲ್ಲ, ನನಗೆ. ನಾನು ಒಬ್ಬನೇ ಮತ್ತೆ ಇನ್ನೂರು ಮೀಟರು ಹೋಗಿ ಇನ್ನೂರು ಮೀಟರು ಬರಬೇಕು. ಅವನು ಕಟ್ಟೆಯ ಮೇಲೆ ಕಾಲು ಅಲ್ಲಾಡಿಸುತ್ತ ಕುಳಿತು ದಂಡಯಾತ್ರೆಗೆ ಹೊರಟ ರಾಜನನ್ನು ಬೀಳ್ಕೊಡುವಂತೆ ಕೈ ಬೀಸುತ್ತಿದ್ದ. “ಬಾರಯ್ಯಾ, ಬೂಟು ಪಾಸ್ ಮಾಡೈತೆ ನಿನ್ನ. ಆಕಾಶ್ದವ್ನಿಗೆ ಯಾಕ್ ಎದರ್ತೀಯಾ?”

ಒಂದು ದಿನ ಬಿಸಿಲು ಬೇಗ ಏರಿತ್ತು, ನನಗೆ ರಾತ್ರಿ ನಿದ್ದೆ ಸರಿಯಾಗಿರಲಿಲ್ಲ, ಅವನು ಅದೇ ಮಾತು ಮೂರನೆಯ ಸಲ ಹೇಳಿದ. ನಾನು ತಿರುಗಿ ನಿಂತೆ.

“ನಿನ್ನ ಚೈನು, ನಿನ್ನ ಅಳತೆ ಎಲ್ಲಾ ಗಣಿ ಜೊತೇಗೇ ಮುಚ್ಚಿಹೋಯ್ತು ಕಣಯ್ಯಾ. ನೀನು ಏನ್ ಅಳೆದಿದ್ದೆ ಅನ್ನೋದು ಈಗ ಯಾರಿಗೂ ಬೇಕಿಲ್ಲ.”

ಅವನ ಕಾಲು ಅಲ್ಲಾಡುವುದು ನಿಂತಿತು. ತನ್ನ ಬಿಳಿಯ ಕಲ್ಲನ್ನು ಕಟ್ಟೆಯಿಂದ ತೆಗೆದ. ಕೆಳಗಿಡಲಿಲ್ಲ, ಜೇಬಿಗೆ ಹಾಕಿಕೊಂಡು ಹೋದ. ನಾನು ನನ್ನ ನಾನೂರು ಮೀಟರನ್ನು ಓಡಿ ಮುಗಿಸಿದೆ. ನ್ಯಾಯ ನನ್ನ ಕಡೆಗಿತ್ತು.

ಮರುದಿನ ಅವನು ಬರಲಿಲ್ಲ. ವಾರವಾಯಿತು, ತಿಂಗಳಾಯಿತು. ಎರಡು ಬೀದಿ ಆಚೆ ಹೋಗಿ ಬಾಗಿಲು ತಟ್ಟುವುದಕ್ಕೆ ನನಗೆ ಕಾಲಿರಲಿಲ್ಲ. ದಿನಾ ಐದು ಕಿಲೋಮೀಟರು ಓಡುವ ಕಾಲು ಆ ಇನ್ನೂರು ಹೆಜ್ಜೆಗೆ ಮಾತ್ರ ಬರುತ್ತಿರಲಿಲ್ಲ.

ಒಬ್ಬನೇ ಓಡುವವನ ಕಿವಿಗೆ ಮೊದಲು ಬೀಳುವುದು ತನ್ನದೇ ಉಸಿರು. ಇಬ್ಬರು ಓಡುವಾಗ ಅದು ಮಾತಿನಲ್ಲಿ ಮುಚ್ಚಿಹೋಗಿರುತ್ತದೆ. ಶಾಫ್ಟಿನ ಗೋಪುರದಲ್ಲಿ ಪಾರಿವಾಳ, ಸೈನೈಡ್ ಗುಡ್ಡದ ಮೇಲಿಂದ ಬೀಸುವ ಬೂದು ಧೂಳು, ನನ್ನ ಉಸಿರು. ಟೀ ಅಂಗಡಿಯವನು ಮೊದಮೊದಲು ಅಭ್ಯಾಸಬಲದಿಂದ ಎರಡು ಲೋಟ ಇಡುತ್ತಿದ್ದ. ಆಮೇಲೆ ಅವನೂ ಕಲಿತ. ಓಟ ಮುಗಿದ ಕೂಡಲೇ ಆ್ಯಪ್ ಅಭಿನಂದನೆ ಹೇಳಿ, ಈ ಸಾಧನೆಯನ್ನು ಗೆಳೆಯರೊಂದಿಗೆ ಹಂಚಿಕೊಳ್ಳಿ ಎನ್ನುತ್ತಿತ್ತು. ಒಂದು ಸಲ ಕುತೂಹಲಕ್ಕೆ ಒತ್ತಿ ನೋಡಿದೆ. ಗೆಳೆಯರ ಪಟ್ಟಿಯಲ್ಲಿ ಡಾಕ್ಟರಮ್ಮನ ಕ್ಲಿನಿಕ್ಕಿನ ನಂಬರು, ಗ್ಯಾಸ್ ಏಜೆನ್ಸಿ, ಕಾಮಸಮುದ್ರದ ಕಡೆಯ ತಂಗಿ. ಎರಡು ಬೀದಿ ಆಚೆಯವನ ನಂಬರು ಬೇಕಾದೀತೆಂದು ನನಗೆ ಎಂದೂ ತೋಚಿರಲಿಲ್ಲ. ಗ್ಯಾಸ್ ಏಜೆನ್ಸಿಗೆ ನನ್ನ ಓಟದಲ್ಲಿ ಆಸಕ್ತಿ ಇರಲಾರದೆಂದು ಮುಚ್ಚಿದೆ.

ಕಲ್ಲಿಡುವುದನ್ನು ಮಾತ್ರ ಬಿಡಲಿಲ್ಲ. ಹೊರಡುವಾಗ ಕಪ್ಪು ಕಲ್ಲು ಕಟ್ಟೆಯ ಮೇಲೆ, ಬಂದಾಗ ಕೆಳಗೆ. ನೋಡುವವರು ಯಾರೂ ಇಲ್ಲದ ಹಾಜರಿಯನ್ನು ನಾನು ಸರ್ಕಾರಿ ಶಿಸ್ತಿನಿಂದ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಗುಡ್ಡದ ಬುಡದಲ್ಲಿ ತಲೆ ಸುತ್ತಿತು. ಮಾತ್ರೆ ನುಂಗಿ ತಿಂಡಿ ತಿನ್ನದೆ ಹೊರಟಿದ್ದೆ. ರಸ್ತೆ ಪಕ್ಕದಲ್ಲಿ ಕುಳಿತೆ. ಬೆವರು ತಣ್ಣಗಿತ್ತು. ಜೇಬಿನಲ್ಲಿ ಕಡಲೆಮಿಠಾಯಿಯ ಒಂದು ಚೂರು ಸಿಕ್ಕದಿದ್ದರೆ ಈ ಬರಹ ಇರುತ್ತಿರಲಿಲ್ಲವೇನೋ. ಅರ್ಧ ಗಂಟೆಯ ಮೇಲೆ ಒಂದು ಆಟೊ ಬಂತು, ಹತ್ತಿ ನೇರವಾಗಿ ಮನೆಗೆ ಹೋಗಿ ಮಲಗಿದೆ. ಎದ್ದಾಗ ಮಧ್ಯಾಹ್ನ. ಆಗ ನೆನಪಾಯಿತು, ಕಲ್ಲು ಕಟ್ಟೆಯ ಮೇಲೇ ಇದೆ.

ನಾನು ಹೋಗಿ ತೆಗೆಯಲಿಲ್ಲ. ಸುಮ್ಮನೆ ಬಿಟ್ಟೆ. ಯಾಕೆಂದು ಆಗ ನನಗೇ ಹೇಳಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಹೋದಾಗ ಕಲ್ಲು ಇಟ್ಟಲ್ಲೇ ಇತ್ತು, ಅದರ ಮೇಲೆ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತಿತ್ತು. ಒಂದು ಹಗಲು ಒಂದು ರಾತ್ರಿ ನನ್ನ ಟೋಕನು ಬೋರ್ಡಿನ ಮೇಲೆ ತೂಗಿತ್ತು. ಯಾರೂ ಹುಡುಕಿಕೊಂಡು ಬಂದಿರಲಿಲ್ಲ.

ಆ ಭಾನುವಾರ ಬಸ್ಸು ಹತ್ತಿ ತಂಗಿಯ ಊರಿಗೆ ಹೋದೆ. ಅವಳದು ಕಾಮಸಮುದ್ರದಿಂದ ಆಚೆ ಒಂದು ಹಳ್ಳಿ. ನಾಲ್ಕು ಸೀಮೆಹಸು, ಒಂದು ಕೊಳವೆಬಾವಿ, ಬಾಯಿ ಜೋರು. ನಾನು ಫೋನು ತೆಗೆದು ಓಟದ ಲೆಕ್ಕ ತೋರಿಸಿದರೆ ನಕಾಶೆಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು.

“ಅಲ್ಲ ಕಣಣ್ಣಾ, ಓಡೋದು ಓಡ್ತೀಯಾ, ಎಲ್ಲಿಗೂ ಓಗಲ್ವಲ್ಲಾ. ಒಂಟ ಜಾಗುಕ್ಕೇ ಬತ್ತೀಯಾ. ಅದ್ರ ಬದ್ಲು ಇಲ್ಲೇ ಇದ್ದು ಸಗಣಿ ಬಾಚು, ಅದೂ ಐದು ಕಿಲೋಮೀಟ್ರು ಆಯ್ತದೆ.”

ಅವತ್ತು ಕೊಳವೆಬಾವಿಯಿಂದ ಕೊಟ್ಟಿಗೆಗೆ ಪೈಪು ಎಳೆಸುವ ಕೆಲಸ ನಡೆದಿತ್ತು. ನಾನು ಹೊಲದಲ್ಲಿ ನೇರವಾಗಿ ನಡೆದು, ಫೋನು ನೋಡಿ, ಇಷ್ಟು ಪೈಪು ಸಾಕು ಎಂದು ತೀರ್ಪು ಕೊಟ್ಟೆ.

“ನಿನ್ನ ಫೋನ್ಗೇನ್ ಗೊತ್ತು? ನಡುವ್ಲ ಒಲ ನಮ್ದಾ? ಪಕ್ಕದೋನು ಬುಟ್ಟಾನಾ? ಪೈಪು ಬದಿನ್ ಮ್ಯಾಲೇ ಬರ್ಬೇಕು. ಬದ ಎಂಗೆ ತಿರುಗ್ತದೋ ಅಂಗೆ ಪೈಪೂ ತಿರುಗ್ಬೇಕು. ಕಣ್ಗೆ ನೂರು ಮಾರು, ಪೈಪ್ಗೆ ನೂರಿಪ್ಪತ್ತು.”

ನಾನು ಬದುವಿನ ಮೇಲೆ ನಿಂತುಬಿಟ್ಟೆ. ಗಣಿಯೊಳಗಿನ ಸುರಂಗ ಅಧಿಕಾರಿಯ ಇಷ್ಟದಂತೆ ನೇರವಾಗಿ ಹೋಗುವುದಿಲ್ಲ. ಚಿನ್ನದ ಎಳೆ ಕಲ್ಲಿನಲ್ಲಿ ಹೇಗೆ ಹೊರಳಿದೆಯೋ ಹಾಗೇ ಹೊರಳುತ್ತದೆ. ಸರ್ವೆ ಚೈನು ಹಿಡಿದು ಅಳೆದದ್ದು ಅದನ್ನು. ಆ ಶಾಫ್ಟಿನಿಂದ ಈ ಶಾಫ್ಟಿಗೆ ನೆಲದ ಕೆಳಗೆ ಎರಡು ಸಾವಿರದ ಆರುನೂರು ಅಡಿ. ಮೇಲಿನ ರಸ್ತೆ ನೇರ, ಅದು ಮುನ್ನೂರು ಅಡಿ ಕಡಿಮೆ. ಅವನ ಅಳತೆಯಲ್ಲಿ ಒಂದು ಅಂಗುಲವೂ ತಪ್ಪಿರಲಿಲ್ಲ. ಬಾಯಿಪಾಠವಾಗಿದ್ದ ಕೆಳಗಿನ ದೂರವನ್ನು ಮೇಲಿನ ರಸ್ತೆಗೆ ಹೊದಿಸಿದ್ದ, ಅಷ್ಟೆ. ನಮ್ಮೂರಿನವನಲ್ಲದೆ ಬೇರೆ ಯಾರೂ ಆ ತಪ್ಪು ಮಾಡಲಾರರು.

“ಏನಣ್ಣಾ, ಕಂಬ ಆದಂಗೆ ನಿಂತ್ಬುಟ್ಟೆ?” ಎಂದಳು ತಂಗಿ.

“ಬಸ್ಸು ಎಷ್ಟೊತ್ತಿಗಿದೆ?” ಎಂದೆ.

ಸಂಜೆ ಐದರ ಹೊತ್ತಿಗೆ ಸರ್ವೆಯ ಬಾಗಿಲಲ್ಲಿದ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದ ಅವನ ಹೆಂಡತಿ ನನ್ನನ್ನು ನೋಡಿ ಒಳಗೆ ತಿರುಗಿ, “ಬಂದ್ರು ನೋಡಿ ಟೈಮಾಫೀಸು, ಮೂರು ತಿಂಗ್ಳು ಲೇಟು” ಎಂದು ಕೂಗಿದರು.

ಅವನು ಮಂಚದ ಮೇಲೆ ಕಾಲು ನೀಡಿ ಕುಳಿತಿದ್ದ. ಬಲ ಮಂಡಿಗೆ ಪಟ್ಟಿ. ಗೋಡೆಗೆ ಒರಗಿಸಿದ ಒಂದು ಊರುಗೋಲು.

ನಾನು ನಿಂತೇ ಹೇಳಿದೆ. ಎರಡು ಶಾಫ್ಟಿನ ನಡುವೆ ಎರಡು ದೂರಗಳಿವೆ, ಇಬ್ಬರ ಲೆಕ್ಕವೂ ಸರಿ, ನಾನು ಆಡಿದ ಮಾತು ಸರಿಯಲ್ಲ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ.

“ಬರ್ದು ಕೊಡು” ಎಂದ. “ಬಾಯಿ ಮಾತು ಟೈಮಾಫೀಸ್ನೋರೇ ಒಪ್ತಿರ್ಲಿಲ್ಲ.”

ಅವನ ಹೆಂಡತಿ ಕ್ಯಾಲೆಂಡರಿನ ಹಿಂಬದಿ ಹರಿದು ಕೊಟ್ಟರು. ನಾನು ಬರೆದು ಸಹಿ ಹಾಕಿದೆ. ಅವನು ಅದನ್ನು ಎರಡು ಸಲ ಓದಿ, ಮಡಿಸಿ, ದಿಂಬಿನ ಕೆಳಗಿಟ್ಟ.

“ಕೆಳಗಿನ ಲೆಕ್ಕ ಅಂತ ನಂಗೆ ಮೂರ್ನೇ ದಿನಾನೇ ಗೊತ್ತಾಯ್ತು” ಎಂದ.

“ಮತ್ತೆ ಯಾಕೆ ತಿದ್ದಲಿಲ್ಲ?”

ಅವನು ಕಿಟಕಿಯ ಕಡೆ ನೋಡಿದ. “ಆ ಸುರಂಗದಾಗೆ ಈಗ ನೀರು ತುಂಬೈತೆ. ಇನ್ನು ಯಾರೂ ಇಳಿಯಲ್ಲ, ಯಾರೂ ಅಳೆಯಲ್ಲ. ಆ ಎರಡು ಸಾವ್ರದ ಆರ್ನೂರು ಎಲ್ಲೈತೆ ಏಳು? ನನ್ ತಲೇಲೈತೆ, ಆ ಬೂಟಲ್ಲೈತೆ. ಬೂಟಿಂದಾನೂ ತೆಗಿ ಅಂತೀಯಾ?”

ನಾನು ಮಂಚದ ತುದಿಯಲ್ಲಿ ಕುಳಿತೆ. ಇಷ್ಟು ದಿನ ಓಟಕ್ಕೆ ಯಾಕೆ ಬರಲಿಲ್ಲವೆಂದು ಕೇಳಿದೆ.

“ಮೊದ್ಲು ವಾರ ಕೋಪ. ಎರಡ್ನೇ ವಾರ ಬಚ್ಚಲ್ಲಿ ಜಾರಿದೆ, ಮಂಡಿ ಓಯ್ತು. ಏಳಿ ಕಳಿಸೋಣ ಅಂದ್ರೆ, ಕೋಪ ಇಳೀತು ಅಂದ್ಕೊಂಡ್ಬಿಡ್ತೀಯಾ.” ಮಂಡಿ ಸವರಿಕೊಂಡ. “ಡಾಕ್ಟ್ರು ಇನ್ನು ಓಡೋದು ಮರ್ತುಬಿಡು ಅಂದವ್ರೆ. ಮೋರೀಗಂಟಾನೂ ಬರಕಾಗಲ್ಲ ಟೈಮಾಫೀಸು.”

ನಾನು ಗುಡ್ಡದ ಬುಡದಲ್ಲಿ ಕುಳಿತ ಬೆಳಿಗ್ಗೆಯ ಸುದ್ದಿ ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ. ಕಲ್ಲು ಒಂದು ದಿನ ಪೂರ್ತಿ ಹಾಗೇ ಇದ್ದದ್ದನ್ನೂ. ಅವನು ಹೆಂಡತಿಗೆ ಬೂಟು ತರಲು ಹೇಳಿದ. ಲೇಸಿನಿಂದ ಸೆನ್ಸರ್ ಬಿಚ್ಚಿ ನನ್ನ ಕೈಗಿಟ್ಟ. ಹಳೆಯ ಟ್ರಂಕಿನಿಂದ ಸರ್ವೆ ವಿಭಾಗದ ಒಂದು ನೋಟುಬುಕ್ಕು ತೆಗೆಸಿದ. ಹಳದಿಯಾದ ಹಾಳೆ, ಮುಂದಿನ ಅರ್ಧ ಅವನದೇ ಅಂಕಿಗಳು, ಹಿಂದಿನ ಅರ್ಧ ಖಾಲಿ. ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದ. ಒಂದು ಕಡೆ ‘ಮೇಲೆ’, ಇನ್ನೊಂದು ಕಡೆ ‘ಕೆಳಗೆ’.

“ನನ್ ನಂಬರು ಬರ್ಕೋ. ದಿನಾ ಏಳೂವರೆಗೆ ಫೋನ್ ಮಾಡಿ ಎರಡೂ ಲೆಕ್ಕ ಏಳು. ಏಳೂಮುಕ್ಕಾಲಾದ್ರೂ ಬರ್ಲಿಲ್ಲಾಂದ್ರೆ ನಾನು ಮಾಡ್ತೀನಿ.”

ಸೆನ್ಸರಿಗೆ ನನ್ನ ಹೆಜ್ಜೆಯನ್ನು ಹೊಸದಾಗಿ ಕಲಿಸಬೇಕಾಗಿತ್ತು. ಮರುದಿನ ಒಬ್ಬನೇ ಶಾಫ್ಟಿನಿಂದ ಶಾಫ್ಟಿಗೆ ಓಡಿದೆ. ಸರಿಯಾದ ದೂರ ಏಳುನೂರು ಮೀಟರೆಂದು ನನಗೆ ಗೊತ್ತಿತ್ತು. ಏಳುನೂರ ತೊಂಬತ್ತೆರಡು ಎಂದು ತುಂಬಿದೆ. ಇಡೀ ಸರ್ವೀಸಿನಲ್ಲಿ ತಿಳಿದೂ ತಿಳಿದೂ ನಾನು ಮಾಡಿದ ಸುಳ್ಳು ದಾಖಲೆ ಇದೊಂದೇ.

ಈಗ ನನ್ನ ಫೋನಿನಲ್ಲಿ ಎರಡು ಆ್ಯಪ್‌ಗಳು ಪಕ್ಕಪಕ್ಕದಲ್ಲಿವೆ, ಒಂದಕ್ಕೊಂದು ಮಾತಾಡುವುದಿಲ್ಲ. ಎರಡರಲ್ಲಿ ಯಾವುದು ಉತ್ತಮವೆಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು: ಡಾಕ್ಟರಿಗೆ ತೋರಿಸುವುದಾದರೆ ಫೋನು. ಓಡುವುದು ಮೊದಲಿನಂತೆ ಒಬ್ಬನೇ. ಪಾರಿವಾಳ, ಧೂಳು, ಉಸಿರು. ಟೀ ಅಂಗಡಿಯಲ್ಲಿ ಒಂದೇ ಲೋಟ.

ಮೊನ್ನೆ ಮೋರಿಯ ಕಟ್ಟೆಯ ಮೇಲೆ ಕುಳಿತವನು ಯಾವುದೋ ಯೋಚನೆಯಲ್ಲಿ ಹೊತ್ತು ನೋಡಲಿಲ್ಲ. ಫೋನು ಹೊಡೆದುಕೊಂಡಿತು.

“ಟೋಕನ್ನು ಇನ್ನೂ ಬೋರ್ಡಲ್ಲೇ ಐತೆ. ಎಲ್ಲಿದೀಯಾ?”

“ಬಂದಿದೀನಿ ಕಣಯ್ಯಾ. ಮೋರಿ ಹತ್ರಾನೇ ಇದೀನಿ.”

“ಲೆಕ್ಕ ಏಳು.”

ಹೇಳಿದೆ. ಆ ಕಡೆ ಪೆನ್ಸಿಲು ಕಾಗದದ ಮೇಲೆ ಸರಿಯುವ ಸದ್ದು ಕೇಳಿಸಿತು. ಅವನು ಬರೆದು ಮುಗಿಸುವವರೆಗೆ ಕಾದು, ಕಪ್ಪು ಕಲ್ಲನ್ನು ತೆಗೆದು ಕೆಳಗಿಟ್ಟೆ.